ಲೀಸ್, ಅಸೈನ್‌ಮೆಂಟ್‌ಗಳನ್ನು ಕೌಂಟಿಯಲ್ಲಿ ರೆಕಾರ್ಡ್ ಮಾಡಿಸುವಾಗ ಏನೇನು ನೋಡಿಕೊಳ್ಳುತ್ತೀರಿ?

ಲೀಸ್‌ಡೆಸ್ಕ್

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸ್‌ನ ಒಂದು ಸಣ್ಣ ಆಯಿಲ್ ಕಂಪನಿಯ ಲ್ಯಾಂಡ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿಯ ತನಕ ಲೀಸ್‌ಗಳ (ಮಿನರಲ್, ಅಂದ್ರೆ ನೆಲದಡಿಯ ಎಣ್ಣೆ, ಅನಿಲದ ಹಕ್ಕಿನ ಮಾಲೀಕರು ಕಂಪನಿಗೆ ಬರೆದುಕೊಡುವ ಗುತ್ತಿಗೆ) ಡೇಟಾ ಎಂಟ್ರಿ ಮಾತ್ರ ಇತ್ತು. ಈಗ ರೆಕಾರ್ಡಿಂಗ್ ಕೆಲಸ ಪೂರ್ತಿ ನನ್ನ ಕೈಗೆ ಬಂದಿದೆ. ಸಹಿ ಆದ ಕಾಗದ ನನ್ನ ಮೇಜಿಗೆ ಬಂದ ಮೇಲೆ ಅದನ್ನು ಜಮೀನಿನ ದಾಖಲೆ ಇಡುವ ಕೌಂಟಿ ಕ್ಲರ್ಕ್‌ಗೆ ಕಳಿಸಿ, ನಂಬರ್ ಬಿದ್ದು ವಾಪಸ್ ಬರುವ ತನಕ ಎಲ್ಲ ನನ್ನದೇ ಜವಾಬ್ದಾರಿ. ಜಾಸ್ತಿ ಪಶ್ಚಿಮ ಟೆಕ್ಸಾಸ್‌ನವು, ಕೆಲವು ಓಕ್ಲಹೋಮಾದವು, ಜೊತೆಗೆ ನ್ಯೂ ಮೆಕ್ಸಿಕೋದ ಫೆಡರಲ್ ಲೀಸ್‌ಗಳಿರುವ ಒಂದು ಪ್ಯಾಕೇಜ್ ಬರುವುದರಲ್ಲಿದೆ.

ಆಫೀಸಿನಲ್ಲಿ ಇದಕ್ಕೊಂದು ಬರೆದಿಟ್ಟ ಕ್ರಮ ಇಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಗದಗಳು ಕ್ಲರ್ಕ್ ಆಫೀಸಿನಿಂದ ತಿರಸ್ಕಾರವಾಗಿ ಬರುವುದು ಮಾಮೂಲಿ ಆಗಿಬಿಟ್ಟಿದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ನನಗೆ ಸರಿ ಕಾಣುತ್ತಿಲ್ಲ.

ಈಗಿನ ಅವಸರದ ವಿಷಯ ಇದು. ನಮಗೆ ಬಂದ ಒಂದು ಅಸೈನ್‌ಮೆಂಟ್ (ಲೀಸ್ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಪತ್ರ) ಈಗಾಗಲೇ ರೆಕಾರ್ಡ್ ಆಗಿದೆ. ಅದರ ಎಕ್ಸಿಬಿಟ್ ಎ, ಅಂದ್ರೆ ಲೀಸ್‌ಗಳ ಪಟ್ಟಿಯ ಲಗತ್ತು ನೋಡಿದರೆ ಒಂದು ಲೀಸ್‌ನ ಮುಂದೆ ಅದು ರೆಕಾರ್ಡ್ ಆದ ಕೌಂಟಿ ಪುಸ್ತಕದ ವಾಲ್ಯೂಮ್ ಸರಿ ಇದೆ, ಪುಟದ ನಂಬರ್ ತಪ್ಪು. ಆ ಪುಟ ತೆಗೆದರೆ ಬೇರೆ ಯಾರದ್ದೋ ಈಸ್‌ಮೆಂಟ್ (ಜಮೀನನ್ನು ಬಳಸುವ ಹಕ್ಕಿನ ಪತ್ರ) ಸಿಗುತ್ತದೆ! ಮೇಲಿನವರು ಹೇಳುವುದು, ಆ ಒಂದು ಹಾಳೆ ಬದಲಿಸಿ, ಹಳೆ ಸಹಿ ಪುಟವನ್ನೇ ಇಟ್ಟು ಮತ್ತೊಮ್ಮೆ ರೆಕಾರ್ಡ್ ಮಾಡಿಸಿ ಅಂತ. ಹಾಗೆ ಮಾಡಬಹುದಾ? ಇನ್ನೊಂದು, ಅದೇ ಎಕ್ಸಿಬಿಟ್‌ನಲ್ಲಿ ಒಂದು ಲೀಸ್ ಪೂರ್ತಿ ಬಿಟ್ಟುಹೋಗಿದೆ ಅನ್ನುವ ಅನುಮಾನವೂ ಇದೆ.

ಇದರ ಜೊತೆ, ದಿನನಿತ್ಯದ ಕೆಲಸದಲ್ಲಿ ನೀವೆಲ್ಲ ಏನೇನು ಪರೀಕ್ಷೆ ಮಾಡಿ ಕಳಿಸುತ್ತೀರಿ ಅಂತ ಹೇಳಿದರೆ ತುಂಬಾ ಉಪಕಾರ. ಪೂರ್ತಿ ಲೀಸ್ ರೆಕಾರ್ಡ್ ಮಾಡಿಸಬೇಕಾ, ಅದರ ಸಾರಾಂಶವಾದ ಮೆಮೊರಾಂಡಮ್ ಸಾಕಾ ಅನ್ನುವುದೂ ಗೊತ್ತಾಗಬೇಕಿತ್ತು.

ಟೈಟಲ್‌ಹುಳು

ಹಾಳೆ ಬದಲಿಸುವ ವಿಷಯ ಮೊದಲು. ಉಳಿದದ್ದೆಲ್ಲ ನಿಧಾನಕ್ಕೆ ಕಲಿತರೂ ನಡೆಯುತ್ತದೆ, ಇದು ಮಾತ್ರ ಇವತ್ತೇ ನಿಲ್ಲಬೇಕು. ದಯವಿಟ್ಟು ಮಾಡಬೇಡಿ.

ಸಹಿ ಹಾಕಿದವರು ಸಹಿ ಹಾಕಿದ್ದು ಆ ಹಳೆ ಎಕ್ಸಿಬಿಟ್ ಇದ್ದ ಕಾಗದಕ್ಕೆ. ನೋಟರಿ ಮುಂದೆ ಒಪ್ಪಿಕೊಂಡಿದ್ದೂ ಅದನ್ನೇ. ಒಳಗಿನ ಹಾಳೆ ಬದಲಾದ ಮೇಲೆ ಆ ಸಹಿ ಯಾವುದಕ್ಕೆ ಸಂಬಂಧಿಸಿದ್ದು ಹೇಳಿ? ನಾಳೆ ಒಬ್ಬ ಟೈಟಲ್ ವಕೀಲರು ಕೌಂಟಿ ದಾಖಲೆ ತೆಗೆದರೆ ಒಂದೇ ತಾರೀಖು, ಒಂದೇ ಸಹಿ, ಒಂದೇ ನೋಟರಿ ಮುದ್ರೆ ಇರುವ ಎರಡು ಅಸೈನ್‌ಮೆಂಟ್ ಸಿಗುತ್ತವೆ, ಒಳಗಡೆ ಮಾತ್ರ ಬೇರೆ ಬೇರೆ. ಅವರು ಇದನ್ನು ನೋಡಿಯೂ ನೋಡದ ಹಾಗೆ ಹೋಗುವುದಿಲ್ಲ. ಹಕ್ಕು ಯಾರದ್ದು ಅಂತ ಹೇಳುವ ಟೈಟಲ್ ಒಪಿನಿಯನ್‌ನಲ್ಲಿ ಇದನ್ನು ಸರಿಪಡಿಸಿ ಅಂತ ಒಂದು ರಿಕ್ವೈರ್‌ಮೆಂಟ್ ಬರೆಯುತ್ತಾರೆ, ಅದನ್ನು ತೀರಿಸಲು ನೀವು ಮತ್ತೆ ಅದೇ ಜನರ ಹಿಂದೆ ಅಲೆಯಬೇಕು. ಅಷ್ಟರಲ್ಲಿ ಆ ಕಂಪನಿ ಮಾರಾಟವಾಗಿರುತ್ತದೆ.

ಟೆಕ್ಸಾಸ್‌ನಲ್ಲಿ ಇದಕ್ಕೆ ಸರಿಯಾದ ದಾರಿ ಇದೆ. ಪ್ರಾಪರ್ಟಿ ಕೋಡ್‌ನ 5.027ರಿಂದ 5.031 ತನಕದ ಸೆಕ್ಷನ್‌ಗಳು, 2011ರಲ್ಲಿ ಬಂದವು, ತಿದ್ದುಪಡಿ ಪತ್ರಗಳ ಬಗ್ಗೆಯೇ ಇವೆ. ತಪ್ಪನ್ನು ಎರಡು ಥರ ನೋಡುತ್ತವೆ. ಸಣ್ಣ ತಪ್ಪು ಅಂದ್ರೆ ಹೆಸರಿನ ಕಾಗುಣಿತ, ವೈವಾಹಿಕ ಸ್ಥಿತಿ, ತಾರೀಖು, ಜಮೀನಿನ ಸೆಕ್ಷನ್ (ಸರ್ವೆಯ ಚೌಕ) ನಂಬರ್, ಬೇರೆ ದಾಖಲೆಯ ರೆಕಾರ್ಡಿಂಗ್ ವಿವರ ಇಂಥವು. ನಿಮ್ಮ ಪುಟದ ನಂಬರ್ ನೇರವಾಗಿ ಇದರಲ್ಲೇ ಬರುತ್ತದೆ. ಇದನ್ನು ಆ ವಿಷಯ ಖುದ್ದಾಗಿ ತಿಳಿದ ಒಬ್ಬರು ಸಹಿ ಹಾಕಿ ತಿದ್ದಬಹುದು. ತನಗೆ ಹೇಗೆ ಗೊತ್ತು ಅನ್ನುವುದನ್ನು ಪತ್ರದಲ್ಲೇ ಬರೆಯಬೇಕು, ಮೂಲ ಪತ್ರದ ಎಲ್ಲ ಪಕ್ಷಗಳಿಗೂ ಅದರ ಪ್ರತಿ ಮತ್ತು ನೋಟಿಸ್ ಕಳಿಸಬೇಕು, ಕಳಿಸಿದ್ದಕ್ಕೆ ಪುರಾವೆಯನ್ನೂ ಜೊತೆಗೇ ರೆಕಾರ್ಡ್ ಮಾಡಿಸಬೇಕು. ಈ ಕೊನೆಯದನ್ನೇ ಜನ ಬಿಟ್ಟುಬಿಡುವುದು.

ಬಿಟ್ಟುಹೋದ ಲೀಸ್ ಸೇರಿಸುವುದು ಹಾಗಲ್ಲ. ಅದು ಜಮೀನು ಸೇರಿಸಿದ ಹಾಗೆ, ದೊಡ್ಡ ತಿದ್ದುಪಡಿ, 5.029ಕ್ಕೆ ಬರುತ್ತದೆ. ಅದಕ್ಕೆ ಮೂಲ ಪತ್ರಕ್ಕೆ ಸಹಿ ಹಾಕಿದ ಪ್ರತಿಯೊಬ್ಬರೂ ಸಹಿ ಹಾಕಬೇಕು, ಅಥವಾ ಸಂದರ್ಭ ನೋಡಿಕೊಂಡು ಅವರ ವಾರಸುದಾರರು, ಮುಂದೆ ಹಕ್ಕು ಪಡೆದವರು. ಮೂಲ ಪಕ್ಷಗಳು ತಮ್ಮ ಹಕ್ಕನ್ನು ಬೇರೆಯವರಿಗೆ ಕೊಟ್ಟುಬಿಟ್ಟ ಮೇಲೂ ಅವರೇ ಸಹಿ ಹಾಕಿದರೆ ನಡೆಯುತ್ತದಾ ಅನ್ನುವ ಜಗಳ ಟೆಕ್ಸಾಸ್ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. 2021ರಲ್ಲಿ ಬ್ರಾಡ್‌ವೇ ನ್ಯಾಷನಲ್ ಬ್ಯಾಂಕ್ ಮತ್ತು ಯೇಟ್ಸ್ ಎನರ್ಜಿ ನಡುವಿನ ಕೇಸಿನಲ್ಲಿ ಕೋರ್ಟ್ ನಡೆಯುತ್ತದೆ ಅಂದಿತು. ಆದರೆ ನಡುವೆ ಒಳ್ಳೆಯ ನಂಬಿಕೆಯಿಂದ ದುಡ್ಡು ಕೊಟ್ಟು ಕೊಂಡವರ ಹಕ್ಕಿಗೆ ಅದರಿಂದ ಧಕ್ಕೆ ಆಗಬಾರದು ಅಂತ ಕಾನೂನೇ ಕಾಪಾಡುತ್ತದೆ. ಹಾಗಾಗಿ ತಡ ಮಾಡಿದಷ್ಟೂ ನಿಮಗೇ ನಷ್ಟ.

ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ತಪ್ಪಿಗೂ ಎರಡೂ ಕಡೆಯವರ ಸಹಿ ಸುಲಭಕ್ಕೆ ಸಿಗುವ ಹಾಗಿದ್ದರೆ ತೆಗೆದುಕೊಂಡುಬಿಡಿ. ಅದಕ್ಕೂ ಮೊದಲು ಆ ಎಕ್ಸಿಬಿಟ್‌ನ ಪ್ರತಿ ಸಾಲನ್ನೂ ಕೌಂಟಿ ದಾಖಲೆ ತೆರೆದಿಟ್ಟುಕೊಂಡು ತಾಳೆ ನೋಡಿ. ಒಂದು ತಪ್ಪು ಸಿಕ್ಕ ಕಡೆ ಇನ್ನೊಂದು ಇರುತ್ತದೆ, ಇವತ್ತು ಒಂದು ತಿದ್ದುಪಡಿ, ಮುಂದಿನ ತಿಂಗಳು ಇನ್ನೊಂದು ಅಂತ ಹಾಕಿದರೆ ಓದುವವರಿಗೆ ನಿಮ್ಮ ಯಾವ ಕಾಗದದ ಮೇಲೂ ನಂಬಿಕೆ ಉಳಿಯುವುದಿಲ್ಲ.

ಪೆಕೋಸ್‌ತೀರ

ಟೈಟಲ್‌ಹುಳು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ತಿರಸ್ಕಾರದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅದು ಮಾಮೂಲಿ ಆಗಿದೆ ಅಂದಿರಲ್ಲ, ಆಗಬಾರದು. ಕಾಗದ ಕ್ಲರ್ಕ್ ಕೈಗೆ ಫೈಲ್ ಆದ ಹೊತ್ತಿನಿಂದಲೇ ಟೆಕ್ಸಾಸ್‌ನಲ್ಲಿ ಅದು ರೆಕಾರ್ಡ್ ಆದ ಹಾಗೆ ಲೆಕ್ಕ. ತಿರಸ್ಕಾರವಾಗಿ ಅಂಚೆಯಲ್ಲಿ ತಿರುಗಾಡುತ್ತಿರುವ ದಿನಗಳಲ್ಲಿ ನಿಮಗೆ ಯಾವ ರಕ್ಷಣೆಯೂ ಇಲ್ಲ. ಆ ಮಧ್ಯೆ ಅದೇ ಮಿನರಲ್ ಮಾಲೀಕರು ಇನ್ನೊಂದು ಕಂಪನಿಗೂ ಲೀಸ್ ಕೊಟ್ಟರೆ, ಆ ಕಂಪನಿಗೆ ನಿಮ್ಮ ಲೀಸ್ ವಿಷಯ ಗೊತ್ತೇ ಇಲ್ಲದಿದ್ದರೆ, ಲೀಸ್‌ಗೆ ಮುಂಗಡವಾಗಿ ಕೊಡುವ ಬೋನಸ್ ದುಡ್ಡನ್ನೂ ಕೊಟ್ಟುಬಿಟ್ಟಿದ್ದರೆ? ಟೆಕ್ಸಾಸ್‌ನಲ್ಲಿ ತಿಳಿಯದೆ ದುಡ್ಡು ಕೊಟ್ಟು ಕೊಂಡವರಿಗೆ ಬಲ ಜಾಸ್ತಿ. ಲೂಯಿಸಿಯಾನಾದಲ್ಲಿ ಇನ್ನೂ ಬಿಗಿ, ಅಲ್ಲಿ ಯಾರಿಗೆ ಏನು ಗೊತ್ತಿತ್ತು ಅಂತ ಕೇಳುವುದೇ ಇಲ್ಲ, ಪ್ಯಾರಿಷ್ (ಅಲ್ಲಿ ಕೌಂಟಿಗೆ ಹೀಗನ್ನುತ್ತಾರೆ) ಕ್ಲರ್ಕ್ ಹತ್ತಿರ ಮೊದಲು ರೆಕಾರ್ಡ್ ಮಾಡಿಸಿದವರು ಗೆದ್ದರು. ಕೊಲರಾಡೋದಲ್ಲಿ ಎರಡೂ ಬೇಕು, ಗೊತ್ತಿಲ್ಲದೆ ಕೊಂಡಿರಬೇಕು, ಮೊದಲೂ ರೆಕಾರ್ಡ್ ಮಾಡಿಸಿರಬೇಕು. ಯಾವ ರಾಜ್ಯವೇ ಆಗಲಿ, ಸಹಿ ಬಿದ್ದ ಕಾಗದವನ್ನು ಟ್ರೇಯಲ್ಲಿ ಮಲಗಿಸಬೇಡಿ.

ಟೆಕ್ಸಾಸ್‌ನಲ್ಲಿ ಕಾಗದ ವಾಪಸ್ ಬರುವ, ಇಲ್ಲವೇ ಜಾಸ್ತಿ ದುಡ್ಡು ಕಟ್ಟಬೇಕಾಗುವ ಕಾರಣಗಳು ಬಹಳ ಇಲ್ಲ, ಅವೇ ಅವೇ. ಸಹಿ ಮೂಲದ್ದೇ ಆಗಿರಬೇಕು. ಈಮೇಲ್‌ನಲ್ಲಿ ಬಂದ ಸಹಿ ಪುಟವನ್ನು ಪ್ರಿಂಟ್ ತೆಗೆದು ಅಂಚೆಯಲ್ಲಿ ಕಳಿಸಿದರೆ ಪ್ರಾಪರ್ಟಿ ಕೋಡ್ 12.0011 ಪ್ರಕಾರ ಅದನ್ನು ತೆಗೆದುಕೊಳ್ಳುವಂತಿಲ್ಲ, ಅಫಿಡವಿಟ್‌ಗೆ ಲಗತ್ತಿಸಿದರೆ ಆ ಮಾತು ಬೇರೆ. ಹಕ್ಕು ಪಡೆಯುವವರ ಅಂಚೆ ವಿಳಾಸ ಇರಲೇಬೇಕು. ಇಲ್ಲದಿದ್ದರೆ 25 ಡಾಲರ್ ಅಥವಾ ರೆಕಾರ್ಡಿಂಗ್ ಶುಲ್ಕದ ಎರಡರಷ್ಟು, ಯಾವುದು ಜಾಸ್ತಿಯೋ ಅಷ್ಟು ದಂಡ. ಹಾಳೆ 8.5 ಇಂಚು ಅಗಲ, 14 ಇಂಚು ಉದ್ದ ಮೀರಬಾರದು. ಅಕ್ಷರ 8 ಪಾಯಿಂಟ್‌ಗಿಂತ ಸಣ್ಣದಿರಬಾರದು, ಲೀಸ್‌ಗಳ ಪಟ್ಟಿಯನ್ನು ಎಕ್ಸೆಲ್‌ನಿಂದ ಒಂದೇ ಹಾಳೆಗೆ ಹಿಂಡಿ ಪ್ರಿಂಟ್ ತೆಗೆದಾಗ ಇದೇ ಕೈಕೊಡುವುದು. ಸಹಿಯ ಕೆಳಗೆ ಹೆಸರು ಓದುವ ಹಾಗೆ ಟೈಪ್ ಆಗಿರಬೇಕು, ಮೊದಲ ಪುಟದ ಮೇಲೆ ಇದು ಯಾವ ಪತ್ರ ಅನ್ನುವ ತಲೆಬರಹ ಇರಬೇಕು.

ಶುಲ್ಕ ಹೆಚ್ಚಿನ ಕೌಂಟಿಗಳಲ್ಲಿ ಮೊದಲ ಪುಟಕ್ಕೆ 25 ಡಾಲರ್ ಆಸುಪಾಸು, ಆಮೇಲೆ ಪುಟಕ್ಕೆ 4 ಡಾಲರ್. ಇಂಡೆಕ್ಸ್ ಮಾಡುವ ಹೆಸರು ಐದಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಹೆಸರಿಗೆ 25 ಸೆಂಟ್. ಈ ಚಿಲ್ಲರೆ ಲೆಕ್ಕ ತಪ್ಪಿ ಚೆಕ್ ಕಡಿಮೆ ಬಿದ್ದು ಲೀಸ್‌ಗಳು ವಾಪಸ್ ಬರುವುದು ನೋಡಿದರೆ ಸಂಕಟ ಆಗುತ್ತದೆ. ಕ್ಲರ್ಕ್ ಆಫೀಸಿಗೆ ಒಂದು ಫೋನ್ ಮಾಡಿ ಕೇಳಿ, ಸಾಮಾನ್ಯವಾಗಿ ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ.

ನೋಟರಿ ಭಾಗಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಅಲ್ಲಿ ಬರೆಯುವ ಕೌಂಟಿ ಸಹಿ ನಡೆದ ಜಾಗದ್ದು, ಜಮೀನಿರುವ ಕೌಂಟಿಯದ್ದಲ್ಲ. ನೋಟರಿ ತಾರೀಖು ಸಹಿಯ ತಾರೀಖಿಗಿಂತ ಹಿಂದಿನದಾಗಿದ್ದರೆ ಅಲ್ಲೇ ನಿಲ್ಲಿಸಿ. ಅಸೈನ್‌ಮೆಂಟ್‌ಗಳಲ್ಲಿ ಬೆಳಿಗ್ಗೆ 7 ಗಂಟೆಯಿಂದ ಜಾರಿ ಅಂತ ಒಂದು ಹಳೆಯ ತಾರೀಖು ಹಾಕಿರುತ್ತಾರೆ, ಅದು ಲೆಕ್ಕಪತ್ರಕ್ಕೆ ಇರುವ ಜಾರಿ ದಿನಾಂಕ, ಅದನ್ನೇ ನೋಡಿ ನೋಟರಿಯೂ ಹಿಂದಿನ ತಾರೀಖು ಬರೆದುಬಿಟ್ಟರೆ ಕೆಟ್ಟಿತು. ಕಂಪನಿ ಪರವಾಗಿ ಸಹಿ ಇದ್ದರೆ ಯಾವ ಹುದ್ದೆಯಲ್ಲಿ ಅನ್ನುವುದು ಸಹಿಯ ಕೆಳಗೂ ನೋಟರಿ ಒಕ್ಕಣೆಯಲ್ಲೂ ಒಂದೇ ಥರ ಇರಬೇಕು. ಪವರ್ ಆಫ್ ಅಟಾರ್ನಿ ಇಟ್ಟುಕೊಂಡು ಸಹಿ ಹಾಕಿದ್ದರೆ ಅದನ್ನೂ ಅದೇ ಕೌಂಟಿಯಲ್ಲಿ ರೆಕಾರ್ಡ್ ಮಾಡಿಸಿ. ಬರೀ ಒತ್ತುಮುದ್ರೆ ಇದ್ದರೆ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ, ಶಾಯಿಯ ಮುದ್ರೆ ಬೇಕು.

ನಕ್ಷೆಯ ಬಗ್ಗೆ ಒಂದು ಮಾತು. ಎಕ್ಸಿಬಿಟ್ ಬಿ ಅಂತ ಚಂದದ ಬಣ್ಣದ ಪ್ಲಾಟ್ ಹಾಕಿ, ಒಳಗೆ ಕೆಂಪು ಗೆರೆಯ ಒಳಗಿನ ಜಾಗ ಅಂತ ಬರೆದಿರುತ್ತಾರೆ. ಕ್ಲರ್ಕ್ ಸ್ಕ್ಯಾನ್ ಕಪ್ಪು ಬಿಳುಪು. ದಾಖಲೆಯಲ್ಲಿ ನಾಲ್ಕು ಗೆರೆ ಇರುತ್ತವೆ, ಎಲ್ಲವೂ ಕಪ್ಪು, ಯಾವುದು ಕೆಂಪಾಗಿತ್ತು ಅಂತ ಹೇಳುವವರು ಯಾರೂ ಇಲ್ಲ. ಬಣ್ಣ ಬೇಡ. ಓರೆ ಗೆರೆ, ಚುಕ್ಕಿ ಗೆರೆ ಹಾಕಿಸಿ, ಕಳಿಸುವ ಮುಂಚೆ ನೀವೇ ಕಪ್ಪು ಬಿಳುಪಿನಲ್ಲಿ ಒಂದು ಪ್ರತಿ ತೆಗೆದು ನೋಡಿ.

ಇ-ರೆಕಾರ್ಡಿಂಗ್ ಇರುವ ಕೌಂಟಿಗೆ ಅದರಲ್ಲೇ ಕಳಿಸಿ. ತಪ್ಪಿದ್ದರೆ ಅಂಚೆಗಿಂತ ಎಷ್ಟೋ ಬೇಗ ಗೊತ್ತಾಗುತ್ತದೆ, ಸರಿ ಮಾಡಿ ಮತ್ತೆ ಕಳಿಸಬಹುದು.

ಸೆಕ್ಷನ್36

ಓಕ್ಲಹೋಮಾದ ಕಡೆಯಿಂದ ನಾನು. ಅಲ್ಲಿ ಕೆಲಸ ಶುರು ಮಾಡುವ ಮುಂಚೆ ಒಂದು ವ್ಯತ್ಯಾಸ ತಿಳಿದಿರಲಿ. ಟೆಕ್ಸಾಸ್‌ನ ಕ್ಲರ್ಕ್ ಇಂಡೆಕ್ಸ್ ಹೆಸರಿನ ಮೇಲೆ ನಡೆಯುತ್ತದೆ, ಕೊಟ್ಟವರು ಯಾರು, ಪಡೆದವರು ಯಾರು ಅಂತ. ಓಕ್ಲಹೋಮಾದ ಕೌಂಟಿಗಳಲ್ಲಿ ಹೆಸರಿನ ಜೊತೆಗೆ ಜಮೀನಿನ ಪ್ರಕಾರವೂ ಇಂಡೆಕ್ಸ್ ಇರುತ್ತದೆ, ಟ್ರ್ಯಾಕ್ಟ್ ಇಂಡೆಕ್ಸ್ ಅನ್ನುತ್ತಾರೆ. ಹಾಗಾಗಿ ಎಲ್ಲಿ ಏನು ತಪ್ಪಿದರೆ ಕಾಗದ ಕಳೆದುಹೋಗುತ್ತದೆ ಅನ್ನುವುದು ಬೇರೆ ಬೇರೆ. ಟೆಕ್ಸಾಸ್‌ನಲ್ಲಿ ಹೆಸರು ತಪ್ಪಿದರೆ ಸಿಗುವುದಿಲ್ಲ. ಓಕ್ಲಹೋಮಾದಲ್ಲಿ ಸೆಕ್ಷನ್ ನಂಬರ್ ತಪ್ಪಿದರೆ ಅದು ಇನ್ನೊಂದು ಸೆಕ್ಷನ್‌ನ ಪುಟದಲ್ಲಿ ಹೋಗಿ ಕೂರುತ್ತದೆ, ನಿಮ್ಮ ಜಮೀನಿನ ಪುಟ ತೆರೆದವರಿಗೆ ನೀವು ಇದ್ದೀರಿ ಅಂತಲೇ ಗೊತ್ತಾಗುವುದಿಲ್ಲ.

ಅದಕ್ಕೇ ಜಮೀನಿನ ವಿವರವನ್ನು ಅಕ್ಷರ ಅಕ್ಷರ ಓದಿ. ಒಂದು ಸೆಕ್ಷನ್ 640 ಎಕರೆ ಅಲ್ವಾ. ಎಸ್/2 ಎನ್‌ಡಬ್ಲ್ಯೂ/4 ಅಂದ್ರೆ ವಾಯವ್ಯ ಕಾಲುಭಾಗದ ದಕ್ಷಿಣ ಅರ್ಧ, 80 ಎಕರೆ. ಅದರ ನಡುವೆ ಯಾರೋ ಒಂದು ಅಲ್ಪವಿರಾಮ ಹಾಕಿದರು ಅಂತಿಟ್ಟುಕೊಳ್ಳಿ. ಈಗ ಅದು ಸೆಕ್ಷನ್‌ನ ದಕ್ಷಿಣ ಅರ್ಧ ಪೂರ್ತಿ, ಜೊತೆಗೆ ವಾಯವ್ಯ ಕಾಲುಭಾಗ ಪೂರ್ತಿ. 320 ಮತ್ತು 160, ಒಟ್ಟು 480 ಎಕರೆ. ಒಂದು ಅಲ್ಪವಿರಾಮಕ್ಕೆ 400 ಎಕರೆ ವ್ಯತ್ಯಾಸ! ಎಕರೆ ಲೆಕ್ಕವನ್ನು ಪಕ್ಕದಲ್ಲಿ ಬರೆದಿದ್ದರೆ ತಾಳೆ ನೋಡಲು ಒಂದು ಆಧಾರ ಸಿಗುತ್ತದೆ, ನೀವೇ ಕೈಯಲ್ಲಿ ಒಂದು ಚೌಕ ಬರೆದು ಗುರುತು ಹಾಕಿ ನೋಡಿದರೆ ಇನ್ನೂ ಒಳ್ಳೆಯದು.

ಮೆರಿಡಿಯನ್, ಅಂದ್ರೆ ಸರ್ವೆ ಲೆಕ್ಕ ಶುರುವಾಗುವ ಮೂಲ ಗೆರೆಯ ಹೆಸರು, ಬರೆಯದೆ ಬಿಡಬೇಡಿ. ಪಶ್ಚಿಮ ತುದಿಯ ಪ್ಯಾನ್‌ಹ್ಯಾಂಡಲ್ ಪಟ್ಟಿಯ ಮೂರು ಕೌಂಟಿಗಳಾದ ಸಿಮರಾನ್, ಟೆಕ್ಸಾಸ್, ಬೀವರ್ ಸಿಮರಾನ್ ಮೆರಿಡಿಯನ್‌ಗೆ ಸೇರಿದವು. ಉಳಿದ ಓಕ್ಲಹೋಮಾ ಎಲ್ಲ ಇಂಡಿಯನ್ ಮೆರಿಡಿಯನ್. ಹೌದು, ಓಕ್ಲಹೋಮಾದಲ್ಲಿ ಟೆಕ್ಸಾಸ್ ಅನ್ನುವ ಹೆಸರಿನ ಕೌಂಟಿಯೇ ಇದೆ. ಎಲಿಸ್ ಕೌಂಟಿ ಎರಡೂ ರಾಜ್ಯದಲ್ಲಿದೆ. ಇ-ರೆಕಾರ್ಡಿಂಗ್ ಪಟ್ಟಿಯಲ್ಲಿ ಆರಿಸುವಾಗ ರಾಜ್ಯವನ್ನು ಎರಡು ಸಲ ನೋಡಿ.

ವೈವಾಹಿಕ ಸ್ಥಿತಿ ಬರೆಯದೆ ಬಂದ ಲೀಸ್ ತೆಗೆದುಕೊಳ್ಳಬೇಡಿ. ಮನೆ ಇರುವ ಹೋಮ್‌ಸ್ಟೆಡ್ ಜಮೀನಾದರೆ ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ಶುಲ್ಕ ಮೊದಲ ಪುಟಕ್ಕೆ 18 ಡಾಲರ್, ಆಮೇಲೆ ಪುಟಕ್ಕೆ 2.

ಮುಂದೆ ಯಾವಾಗಲಾದರೂ ಕಾನ್ಸಾಸ್‌ನ ಕಾಗದ ಬಂದರೆ ಇನ್ನೂ ಹುಷಾರು. ಅಲ್ಲಿ ಮೇಲಿನ ಜಮೀನಿನಿಂದ ಮಿನರಲ್ ಹಕ್ಕನ್ನು ಬೇರೆ ಮಾಡುವ ಡೀಡ್ ಆದರೆ 90 ದಿನದೊಳಗೆ ರೆಕಾರ್ಡ್ ಆಗಬೇಕು, ಇಲ್ಲವೇ ತೆರಿಗೆ ಪಟ್ಟಿಗೆ ಸೇರಿರಬೇಕು. ಎರಡೂ ಆಗದಿದ್ದರೆ ಆ ಡೀಡ್ ಅನೂರ್ಜಿತ. ಉಳಿದ ಕಡೆ ತಡವಾದರೆ ಸ್ಥಾನ ಹೋಗಬಹುದು, ಇಲ್ಲಿ ಪತ್ರವೇ ಹೋಗುತ್ತದೆ.

ಫೆಡರಲ್‌ಫೈಲ್

ನ್ಯೂ ಮೆಕ್ಸಿಕೋ ಪ್ಯಾಕೇಜ್ ಬಗ್ಗೆ. ಫೆಡರಲ್ ಲೀಸ್ ಅಂದ್ರೆ ಎರಡು ಕಡೆ ಕೆಲಸ. ಕೌಂಟಿಯಲ್ಲಿ ರೆಕಾರ್ಡ್ ಮಾಡಿಸಿದ್ದು ಬಿಎಲ್‌ಎಂಗೆ (ಫೆಡರಲ್ ಜಮೀನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ಲೆಕ್ಕಕ್ಕಿಲ್ಲ, ಬಿಎಲ್‌ಎಂ ಒಪ್ಪಿದ್ದು ಕೌಂಟಿ ದಾಖಲೆ ನೋಡುವವರ ಪಾಲಿಗೆ ರೆಕಾರ್ಡಿಂಗ್‌ನ ಬದಲಿ ಆಗುವುದಿಲ್ಲ. ಎರಡೂ ಮಾಡಿ.

ಬಿಎಲ್‌ಎಂಗೆ ಅವರದ್ದೇ ಫಾರ್ಮ್. ರೆಕಾರ್ಡ್ ಟೈಟಲ್ ವರ್ಗಾವಣೆಗೆ 3000-3, ಆಪರೇಟಿಂಗ್ ರೈಟ್ಸ್‌ಗೆ 3000-3ಎ. ಇವೆರಡನ್ನೂ ಅದಲು ಬದಲು ಮಾಡುವವರು ಬಹಳ. ಸರ್ಕಾರದ ಲೀಸ್‌ನ ಮಾಲೀಕತ್ವವೇ ರೆಕಾರ್ಡ್ ಟೈಟಲ್, ಅದರೊಳಗೆ ಕೊರೆದು ತೆಗೆಯುವ ಹಕ್ಕು ಆಪರೇಟಿಂಗ್ ರೈಟ್ಸ್, ಇದನ್ನು ಇಂತಿಷ್ಟು ಆಳದವರೆಗೆ ಅಂತ ಬೇರೆ ಮಾಡಿ ಕೊಟ್ಟಿರಬಹುದು. ಕೊಡುವವರ ಹತ್ತಿರ ಯಾವುದಿದೆ ಅಂತ ಖಚಿತ ಮಾಡಿಕೊಂಡು ಫಾರ್ಮ್ ತುಂಬಿ. ಲೀಸ್‌ಗೆ ಒಂದರಂತೆ ಪ್ರತ್ಯೇಕ ಫಾರ್ಮ್ ಬೇಕು, ಮೂವತ್ತು ಲೀಸ್ ಒಂದು ಎಕ್ಸಿಬಿಟ್‌ಗೆ ಹಾಕಿ ಕಳಿಸುವ ಕೌಂಟಿ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಕೊನೆಯ ಸಹಿ ಬಿದ್ದ ದಿನದಿಂದ 90 ದಿನದೊಳಗೆ ಫೈಲ್ ಆಗಬೇಕು. ಡೀಲ್ ಮುಗಿದ ಖುಷಿಯಲ್ಲಿ ಈ ಗಡುವನ್ನು ಯಾರೂ ನೆನಪಿಡುವುದಿಲ್ಲ, ನೀವು ಕ್ಯಾಲೆಂಡರ್‌ಗೆ ಹಾಕಿಬಿಡಿ.

ಪ್ಯಾಕೇಜ್‌ನಲ್ಲಿ ನ್ಯೂ ಮೆಕ್ಸಿಕೋ ರಾಜ್ಯ ಸರ್ಕಾರದ ಲೀಸ್‌ಗಳೂ ಇದ್ದರೆ ಅವಕ್ಕೆ ಸ್ಟೇಟ್ ಲ್ಯಾಂಡ್ ಆಫೀಸ್‌ನ ಒಪ್ಪಿಗೆ ಬೇಕು, ಅದು ಮೂರನೇ ಬಾಗಿಲು. ಟೆಕ್ಸಾಸ್‌ನಲ್ಲೂ 1895ರಿಂದ 1931ರ ನಡುವೆ ರಾಜ್ಯ ಸರ್ಕಾರ ಮಿನರಲ್ ಇಟ್ಟುಕೊಂಡು ಮಾರಿದ ಜಮೀನುಗಳಿವೆ, ಪಶ್ಚಿಮದಲ್ಲಿ ಜಾಸ್ತಿ. ಅಲ್ಲಿ ಮೇಲಿನ ಜಮೀನಿನ ಮಾಲೀಕರು ರಾಜ್ಯದ ಪರವಾಗಿ ಲೀಸ್ ಕೊಡುತ್ತಾರೆ. ಅಂಥ ಲೀಸ್ ಕೌಂಟಿಯಲ್ಲಿ ರೆಕಾರ್ಡ್ ಆದ ಮೇಲೆ ಅದರ ದೃಢೀಕೃತ ಪ್ರತಿ ಜನರಲ್ ಲ್ಯಾಂಡ್ ಆಫೀಸಿಗೆ ಹೋಗಬೇಕು. ನಿಮ್ಮ ಹಳೆಯ ಲೀಸ್‌ಗಳಲ್ಲಿ ಇಂಥವು ಇವೆಯಾ ಅಂತ ಒಮ್ಮೆ ನೋಡಿ.

ಲೀಸ್‌ಡೆಸ್ಕ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಟೈಟಲ್‌ಹುಳು ಸರ್ ಬರೆದದ್ದನ್ನು ಪ್ರಿಂಟ್ ತೆಗೆದು ಮೇಲಿನವರಿಗೆ ತೋರಿಸಿದೆ. ಹಾಳೆ ಬದಲಿಸುವ ಮಾತು ಬಿಟ್ಟಿದ್ದಾರೆ, ತಿದ್ದುಪಡಿ ಪತ್ರ ಬರೆಯಲು ವಕೀಲರಿಗೆ ಹೇಳಿದ್ದಾರೆ. ಎಕ್ಸಿಬಿಟ್‌ನ ಪ್ರತಿ ಸಾಲು ತಾಳೆ ನೋಡುತ್ತಿದ್ದೇನೆ. ಬಿಟ್ಟುಹೋದ ಲೀಸ್ ನಿಜವಾಗಿಯೂ ಬಿಟ್ಟುಹೋಗಿದೆ, ಪರ್ಚೇಸ್ ಅಗ್ರಿಮೆಂಟ್‌ನ ಪಟ್ಟಿಯಲ್ಲಿದೆ, ಅಸೈನ್‌ಮೆಂಟ್‌ನಲ್ಲಿಲ್ಲ. ಅಸೈನ್‌ಮೆಂಟ್‌ನಲ್ಲಿ ಈ ಕೌಂಟಿಯಲ್ಲಿ ನಮಗಿರುವ ಎಲ್ಲ ಹಕ್ಕು ಅನ್ನುವ ಒಂದು ಸಾಲಿದೆ, ಅದರಲ್ಲೇ ಬಂದುಬಿಡುತ್ತದೆ, ಸಹಿ ಯಾಕೆ ಅಂತ ಒಬ್ಬರು ಕೇಳುತ್ತಿದ್ದಾರೆ.

ಮೆಮೊರಾಂಡಮ್ ಪ್ರಶ್ನೆ ಹಾಗೇ ಉಳಿದಿದೆ. ವಾಪಸ್ ಬಂದ ಕಾಗದದಲ್ಲಿ ಏನು ನೋಡಬೇಕು ಅನ್ನುವುದೂ.

ಟೈಟಲ್‌ಹುಳು

ಆ ಸಾಲಿನ ಮೇಲೆ ಭಾರ ಹಾಕಬೇಡಿ. ಅದು ಕೋರ್ಟಿನಲ್ಲಿ ವಾದಕ್ಕೆ ಬರಬಹುದು, ಬರದೇ ಇರಬಹುದು, ಒಕ್ಕಣೆ ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಲೀಸ್‌ಗಳಲ್ಲಿ ಬರುವ ಮದರ್ ಹಬ್ಬರ್ಡ್ ಅನ್ನುವ ಒಕ್ಕಣೆಯೂ ಬೇಲಿ ಪಕ್ಕದ ಸಣ್ಣ ಪಟ್ಟಿಗಳನ್ನು ಹಿಡಿಯಲು ಇರುವುದು, ಮರೆತ ದೊಡ್ಡ ಜಮೀನನ್ನು ಎಳೆದು ತರಲು ಅಲ್ಲ. ಮಾರಿದವರು ಇನ್ನೂ ಫೋನ್ ಎತ್ತುತ್ತಿದ್ದಾರಲ್ಲ, ಈಗಲೇ ಸಹಿ ಮಾಡಿಸಿಕೊಳ್ಳಿ.

ಮೆಮೊರಾಂಡಮ್‌ಗೆ ನನ್ನ ಆಕ್ಷೇಪ ಇಲ್ಲ. ರಾಯಲ್ಟಿ (ಉತ್ಪಾದನೆಯಲ್ಲಿ ಮಾಲೀಕರ ಪಾಲು) 1/4 ಕೊಟ್ಟಿದ್ದೀರಿ, ಬೋನಸ್ ಇಷ್ಟು ಕೊಟ್ಟಿದ್ದೀರಿ ಅಂತ ಪಕ್ಕದ ಜಮೀನಿನವರಿಗೆಲ್ಲ ಗೊತ್ತಾಗುವುದು ಬೇಡ ಅನ್ನುವುದು ನ್ಯಾಯವಾದ ಕಾರಣವೇ. ಆದರೆ ಬಹಳ ಮೆಮೊರಾಂಡಮ್‌ಗಳು ತೀರಾ ಬಡಕಲು. ಕೊಟ್ಟವರು, ಪಡೆದವರು, ಜಮೀನಿನ ಪೂರ್ತಿ ವಿವರ, ಲೀಸ್‌ನ ತಾರೀಖು, ಮೊದಲ ಅವಧಿ ಎಷ್ಟು ವರ್ಷ, ಅದನ್ನು ದುಡ್ಡು ಕೊಟ್ಟು ಮುಂದುವರಿಸುವ ಆಯ್ಕೆ ಇದ್ದರೆ ಅದು, ಪೂರ್ತಿ ಲೀಸ್ ಯಾರ ಹತ್ತಿರ ಇದೆ, ಇಷ್ಟೂ ಇರಲೇಬೇಕು. ಮುಂದುವರಿಸುವ ಆಯ್ಕೆಯನ್ನು ಬಿಟ್ಟರೆ ಏನಾಗುತ್ತದೆ ನೋಡಿ. ಮೂರು ವರ್ಷ ಮುಗಿಯುತ್ತದೆ, ನೀವು ಒಳಗಡೆ ದುಡ್ಡು ಕಟ್ಟಿ ಇನ್ನೆರಡು ವರ್ಷ ಪಡೆದಿರುತ್ತೀರಿ, ಕೌಂಟಿ ದಾಖಲೆ ನೋಡಿದ ಹೊರಗಿನವರಿಗೆ ಲೀಸ್ ಸತ್ತ ಹಾಗೆ ಕಾಣುತ್ತದೆ, ಅವರು ಬಂದು ಮಾಲೀಕರ ಹತ್ತಿರ ಹೊಸ ಲೀಸ್ ಬರೆಸಿಕೊಳ್ಳುತ್ತಾರೆ. ಮುಂದುವರಿಸಿದಾಗಲೂ ಒಂದು ಸಣ್ಣ ನೋಟಿಸ್ ರೆಕಾರ್ಡ್ ಮಾಡಿಸಿ. ಹಲವು ಲೀಸ್‌ಗಳ ಜಮೀನನ್ನು ಒಂದು ಬಾವಿಗಾಗಿ ಸೇರಿಸುವ ಪೂಲಿಂಗ್ ಯೂನಿಟ್‌ದೂ ಇದೇ ಕಥೆ. ಬಹುತೇಕ ಲೀಸ್‌ಗಳಲ್ಲಿ ಯೂನಿಟ್ ಘೋಷಣೆ ಕೌಂಟಿಯಲ್ಲಿ ಫೈಲ್ ಆದಾಗಲೇ ಪೂಲಿಂಗ್ ಜಾರಿ ಅಂತ ಬರೆದಿರುತ್ತದೆ, ಮೊದಲ ಅವಧಿ ಮುಗಿಯುವ ವಾರದಲ್ಲಿ ಅದಕ್ಕೆ ಓಡಾಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಮೆಮೊರಾಂಡಮ್ ಮಾತ್ರ ರೆಕಾರ್ಡ್ ಮಾಡಿಸಿದರೆ ಪೂರ್ತಿ ಲೀಸ್‌ನ ಮೂಲ ಪ್ರತಿಯನ್ನು ಜೋಪಾನ ಮಾಡುವ ಹೊಣೆ ನಿಮ್ಮದು. ಲೀಸ್ ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗುತ್ತದೆ, ಫೈಲ್ ಮಾತ್ರ ಹಿಂದೆ ಉಳಿಯುತ್ತದೆ. ಆಮೇಲೆ ಬಂದವರಿಗೆ ರಾಯಲ್ಟಿ ಎಷ್ಟು, ಪ್ಯೂ ಕ್ಲಾಸ್ (ಯೂನಿಟ್‌ಗೆ ಸೇರದ ಜಮೀನನ್ನು ಮೊದಲ ಅವಧಿ ಮುಗಿದ ಮೇಲೆ ಲೀಸ್‌ನಿಂದ ಬಿಟ್ಟುಕೊಡುವ ಷರತ್ತು) ಇತ್ತಾ, ಆಳದ ಮಿತಿ ಇತ್ತಾ ಏನೂ ತಿಳಿಯುವುದಿಲ್ಲ.

ಪೆಕೋಸ್‌ತೀರ

ವಾಪಸ್ ಬಂದ ಮೇಲೆ ನೋಡಬೇಕಾದ್ದು ನಾನು ಹೇಳುತ್ತೇನೆ. ಸ್ಟ್ಯಾಂಪ್ ಬಿದ್ದಿದೆ ಅಂತ ಫೈಲ್‌ಗೆ ಸೇರಿಸಿ ಮುಗಿಸಬೇಡಿ. ಕ್ಲರ್ಕ್ ವೆಬ್‌ಸೈಟ್‌ನಲ್ಲಿರುವ ಚಿತ್ರ ತೆರೆದು ಪುಟ ಎಣಿಸಿ. ನೀವು ಕಳಿಸಿದ್ದು 14, ಅಲ್ಲಿರುವುದು 13 ಆಗಿದ್ದರೆ ಅಂದೇ ಫೋನ್ ಮಾಡಿ. ಪ್ರತಿ ಪುಟದ ಕೆಳಗೆ 14ರಲ್ಲಿ ಇಷ್ಟನೆಯದು ಅಂತ ಮೊದಲೇ ಹಾಕಿದ್ದರೆ ಇದು ಸುಲಭ. ಆಮೇಲೆ ಇಂಡೆಕ್ಸ್‌ನಲ್ಲಿ ಹುಡುಕಿ, ನಂಬರ್ ಹಾಕಿ ಅಲ್ಲ, ಹೆಸರು ಹಾಕಿ. ಪ್ರತಿಯೊಬ್ಬ ಕೊಟ್ಟವರ ಹೆಸರಿನಲ್ಲೂ ಸಿಗಬೇಕು, ಪಡೆದವರ ಹೆಸರಿನಲ್ಲೂ ಸಿಗಬೇಕು. ಏನೂ ತಿಳಿಯದ ಒಬ್ಬರು ಎಷ್ಟೋ ವರ್ಷ ಆದ ಮೇಲೆ ಬರೀ ಹೆಸರು ಮತ್ತು ಜಮೀನು ಇಟ್ಟುಕೊಂಡು ಹುಡುಕಿದರೆ ನಿಮ್ಮ ಕಾಗದ ಅವರ ಕಣ್ಣಿಗೆ ಬೀಳಬೇಕು, ಈ ಕೆಲಸವೆಲ್ಲ ಅದಕ್ಕೇ ಇರುವುದು.

ಹೆಸರಿನ ವಿಷಯದಲ್ಲಿ ಟ್ರಸ್ಟ್‌ಗಳು ಕಷ್ಟ. ಟ್ರಸ್ಟ್ ಹೆಸರಿನಲ್ಲಿ ಹಾಕುತ್ತಾರೋ ಟ್ರಸ್ಟಿ ಹೆಸರಿನಲ್ಲೋ ಕೌಂಟಿಯಿಂದ ಕೌಂಟಿಗೆ ಬೇರೆ. ಮೊದಲ ಪುಟದಲ್ಲೇ ಎರಡೂ ಪೂರ್ತಿಯಾಗಿ ಬರೆಯಿರಿ. ಮದುವೆಗೆ ಮುಂಚಿನ ಹೆಸರಿನಲ್ಲಿ ಹಕ್ಕು ಪಡೆದವರು ಈಗಿನ ಹೆಸರಿನಲ್ಲಿ ಸಹಿ ಹಾಕುತ್ತಿದ್ದರೆ ಹಿಂದಿನ ಹೆಸರನ್ನೂ ಬರೆಸಿ. ಕಂಪನಿಗಳು ವಿಲೀನವಾಗಿದ್ದರೆ ಆ ಪ್ರಮಾಣಪತ್ರವನ್ನೂ ಜಮೀನಿರುವ ಕೌಂಟಿಯಲ್ಲಿ ರೆಕಾರ್ಡ್ ಮಾಡಿಸಿ, ಇಲ್ಲದಿದ್ದರೆ ಹಳೆ ಹೆಸರಿನಿಂದ ಹೊಸ ಹೆಸರಿಗೆ ಕೊಂಡಿಯೇ ಇರುವುದಿಲ್ಲ.

ಜಮೀನು ಎರಡು ಕೌಂಟಿಯಲ್ಲಿ ಹರಡಿದ್ದರೆ ಎರಡರಲ್ಲೂ ರೆಕಾರ್ಡ್ ಆಗಬೇಕು. ಸಹಿ ಮಾಡಿಸುವಾಗಲೇ ಕೌಂಟಿಗೆ ಒಂದರಂತೆ ಮೂಲ ಪ್ರತಿ ಮಾಡಿಸಿದರೆ ಒಂದು ಕಡೆಯಿಂದ ವಾಪಸ್ ಬರುವ ತನಕ ಇನ್ನೊಂದು ಕಾಯುವುದಿಲ್ಲ.

ಸೆಕ್ಷನ್36

ವಾರಸುದಾರರ ಅಫಿಡವಿಟ್ ಬಗ್ಗೆ ಯಾರೂ ಬರೆದಿಲ್ಲ. ಮಾಲೀಕರು ತೀರಿಕೊಂಡು ಮಕ್ಕಳು ಲೀಸ್ ಕೊಟ್ಟಿದ್ದರೆ ಲೀಸ್ ಮಾತ್ರ ರೆಕಾರ್ಡ್ ಮಾಡಿಸಿ ಸುಮ್ನೆ ಇರಬೇಡಿ, ಅಫಿಡವಿಟ್ ಆಫ್ ಹೇರ್‌ಶಿಪ್ ಕೂಡ ಹಾಕಿ. ಟೆಕ್ಸಾಸ್ ಎಸ್ಟೇಟ್ಸ್ ಕೋಡ್ 203.001 ಪ್ರಕಾರ ಅದು ಐದು ವರ್ಷ ದಾಖಲೆಯಲ್ಲಿ ಇದ್ದ ಮೇಲೆ ಅದರಲ್ಲಿರುವ ಕುಟುಂಬದ ವಿವರಕ್ಕೆ ಮೇಲ್ನೋಟದ ಸಾಕ್ಷಿಯ ಬೆಲೆ ಬರುತ್ತದೆ. ಐದು ವರ್ಷದ ಲೆಕ್ಕ ಶುರುವಾಗುವುದು ನೀವು ರೆಕಾರ್ಡ್ ಮಾಡಿಸಿದ ದಿನದಿಂದ. ಕುಟುಂಬದ ವಿಷಯ ಬಲ್ಲ ವಯಸ್ಸಾದವರು ಇನ್ನೂ ಇರುವಾಗಲೇ ಮಾಡಿಸಿ.

ಲೀಸ್‌ಡೆಸ್ಕ್

ಇದು ನಮಗೆ ನೇರ ಉಪಯೋಗಕ್ಕೆ ಬರುತ್ತದೆ, ಅಂಥ ಲೀಸ್‌ಗಳು ಫೈಲ್‌ನಲ್ಲಿ ಇವೆ. ಕೊನೆಯದಾಗಿ ಒಂದೇ ಪ್ರಶ್ನೆ. ತಿದ್ದುಪಡಿ ಪತ್ರಕ್ಕೆ ವಕೀಲರು ಬರೀ ಅಸೈನ್‌ಮೆಂಟ್ ಅಂತಲೇ ತಲೆಬರಹ ಹಾಕಿ ಕಳಿಸಿದ್ದಾರೆ. ಅದು ಹಾಗೇ ಹೋಗಬಹುದಾ?

ಟೈಟಲ್‌ಹುಳು

ಬೇಡ, ಬದಲಿಸಿ. ತಲೆಬರಹದಲ್ಲೇ ಕರೆಕ್ಷನ್ ಅಂತ ಇರಲಿ. ಮೊದಲ ಪ್ಯಾರಾದಲ್ಲಿ ಮೂಲ ಅಸೈನ್‌ಮೆಂಟ್‌ನ ಇನ್‌ಸ್ಟ್ರುಮೆಂಟ್ ನಂಬರ್, ರೆಕಾರ್ಡ್ ಆದ ತಾರೀಖು, ಕೌಂಟಿ ಬರೆಯಿರಿ. ತಪ್ಪಾಗಿದ್ದು ಏನು, ಸರಿ ಏನು ಅನ್ನುವುದನ್ನು ಒಂದರ ಪಕ್ಕ ಒಂದು ಕಾಣುವ ಹಾಗೆ ಹಾಕಿ, ಉಳಿದದ್ದೆಲ್ಲ ಮೊದಲಿನಂತೆಯೇ ಅಂತ ಒಂದು ಸಾಲು. ಪುಟದ ನಂಬರ್ ತಿದ್ದುವುದು, ಬಿಟ್ಟುಹೋದ ಲೀಸ್ ಸೇರಿಸುವುದು ಎರಡನ್ನೂ ಒಂದೇ ಪತ್ರದಲ್ಲಿ ಹಾಕುತ್ತಿದ್ದರೆ ಎರಡೂ ಕಡೆಯವರು ಸಹಿ ಹಾಕಲೇಬೇಕು. ಮೂಲ ಅಸೈನ್‌ಮೆಂಟ್ ಎಷ್ಟು ಕೌಂಟಿಯಲ್ಲಿ ರೆಕಾರ್ಡ್ ಆಗಿದೆಯೋ ಅಷ್ಟರಲ್ಲೂ ಇದು ರೆಕಾರ್ಡ್ ಆಗಬೇಕು, ಪ್ರತಿ ಕೌಂಟಿಗೆ ಅಲ್ಲಿನ ನಂಬರ್ ಹಾಕಿ.